ಓದುಗರೋ ಬಾಟ್‌ಗಳೋ: ಜಾಲತಾಣದ ಭೇಟಿಗಳನ್ನು ವಿಂಗಡಿಸುವ ಬಗೆ

ಪ್ರಶ್ನೆ: ಲೇಖನಗಳ ಸಣ್ಣ ಜಾಲತಾಣವೊಂದನ್ನು ನಡೆಸುತ್ತಿದ್ದೇನೆ. ಹೋಸ್ಟಿಂಗ್ ಕಂಪನಿಯ ಫಲಕದಲ್ಲಿ ಕಾಣುವ ಭೇಟಿಗಳ ಸಂಖ್ಯೆ ಗೂಗಲ್ ಅನಾಲಿಟಿಕ್ಸ್ ತೋರಿಸುವುದಕ್ಕಿಂತ ಹತ್ತು ಪಟ್ಟು ಹೆಚ್ಚಿದೆ. ಯಾವುದನ್ನು ನಂಬಬೇಕು? ಬಂದವರಲ್ಲಿ ಮನುಷ್ಯರು ಯಾರು, ಬಾಟ್‌ಗಳು (ತಾವಾಗಿಯೇ ಪುಟ ತೆರೆಯುವ ಪ್ರೋಗ್ರಾಮ್‌ಗಳು) ಯಾವುವು ಎಂದು ಖಚಿತವಾಗಿ ತಿಳಿಯುವುದು ಹೇಗೆ? ಬಾಟ್‌ಗಳನ್ನೆಲ್ಲ ತಡೆದುಬಿಡಬಹುದೇ?

ಉತ್ತರ: ನಿಮ್ಮ ಮುಂದಿರುವ ಎರಡು ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ, ಅವು ಎಣಿಸುತ್ತಿರುವುದೇ ಬೇರೆ ಬೇರೆ. ಸರ್ವರ್ ಲಾಗ್ ತನಗೆ ಬಂದ ಪ್ರತಿಯೊಂದು ಕೋರಿಕೆಯನ್ನೂ ಒಂದೊಂದು ಸಾಲಾಗಿ ಬರೆದಿಡುತ್ತದೆ, ಕೋರಿದವರು ಯಾರೆಂದು ಅದು ವಿಚಾರಿಸುವುದಿಲ್ಲ. ಅನಾಲಿಟಿಕ್ಸ್ ಆದರೋ ಪುಟದೊಳಗಿನ ಜಾವಾಸ್ಕ್ರಿಪ್ಟ್ ತುಣುಕು ಬ್ರೌಸರ್‌ನಲ್ಲಿ ಓಡಿದಾಗ ಮಾತ್ರ ಲೆಕ್ಕ ಹಾಕುತ್ತದೆ. ಬಹಳಷ್ಟು ಕ್ರಾಲರ್‌ಗಳು, ಅಂದರೆ ತಾಣದಿಂದ ತಾಣಕ್ಕೆ ಹೋಗಿ ಪುಟಗಳನ್ನು ಸಂಗ್ರಹಿಸುವ ಬಾಟ್‌ಗಳು, ಪುಟದ ಮೂಲ ಪಠ್ಯವಾದ ಎಚ್‌ಟಿಎಂಎಲ್ ಅನ್ನಷ್ಟೇ ಎತ್ತಿಕೊಂಡು ಹೋಗುವುದರಿಂದ ಅವು ಮೊದಲ ಲೆಕ್ಕದಲ್ಲಿ ಇರುತ್ತವೆ, ಎರಡನೆಯದರಲ್ಲಿ ಇರುವುದಿಲ್ಲ. ಇದರ ಮೇಲೆ ಗೂಗಲ್ ಅನಾಲಿಟಿಕ್ಸ್ 4 ತನಗೆ ಗೊತ್ತಿರುವ ಬಾಟ್‌ಗಳನ್ನು, ಜಾಹೀರಾತು ಉದ್ಯಮದ ಸಂಸ್ಥೆಯಾದ ಐಎಬಿಯ ಪಟ್ಟಿಯನ್ನೂ ಬಳಸಿಕೊಂಡು, ತಾನಾಗಿಯೇ ಕಳೆದುಬಿಡುತ್ತದೆ. ಎಷ್ಟನ್ನು ಕಳೆದೆನೆಂದು ಅದು ತಿಳಿಸುವುದೂ ಇಲ್ಲ, ಕಳೆಯದಂತೆ ಹೇಳಲು ನಿಮಗೆ ಅವಕಾಶವೂ ಇಲ್ಲ. ಇತ್ತ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಹಾಕಿಕೊಂಡ ನಿಜವಾದ ಓದುಗರು ಲಾಗ್‌ನಲ್ಲಿ ಕಾಣುತ್ತಾರೆ, ಅನಾಲಿಟಿಕ್ಸ್‌ನಲ್ಲಿ ಕಾಣದೇ ಹೋಗುತ್ತಾರೆ. ಆದ್ದರಿಂದ ಹತ್ತು ಪಟ್ಟಿನ ಅಂತರವನ್ನೆಲ್ಲ ಬಾಟ್‌ಗಳ ತಲೆಗೆ ಕಟ್ಟುವಂತಿಲ್ಲ.

ಬಾಟ್‌ಗಳ ಮಾತಿಗೆ ಹೋಗುವ ಮುನ್ನ ಹೋಸ್ಟಿಂಗ್ ಫಲಕ ಯಾವುದನ್ನು ಭೇಟಿ ಎನ್ನುತ್ತಿದೆ ಎಂಬುದನ್ನು ಒಮ್ಮೆ ನೋಡಿಕೊಳ್ಳಿ. ಅನೇಕ ಫಲಕಗಳಲ್ಲಿ ಎದ್ದು ಕಾಣುವ ಸಂಖ್ಯೆ ಹಿಟ್‌ಗಳದ್ದು. ಪುಟವೊಂದಕ್ಕೆ ಇಪ್ಪತ್ತು ಚಿತ್ರ, ಫಾಂಟ್, ಸ್ಟೈಲ್‌ಶೀಟ್‌ಗಳಿದ್ದರೆ ಒಬ್ಬರು ಒಮ್ಮೆ ಪುಟ ತೆರೆದದ್ದು ಇಪ್ಪತ್ತೊಂದು ಹಿಟ್ ಆಗುತ್ತದೆ. ನಿಮ್ಮ ಅಂತರದ ದೊಡ್ಡ ಪಾಲು ಇಲ್ಲಿಯೇ ಕರಗಿಹೋದರೆ ಆಶ್ಚರ್ಯವಿಲ್ಲ.

ಇನ್ನು ಖಚಿತವಾಗಿ ತಿಳಿಯುವ ವಿಚಾರ. ಖಚಿತತೆ ಒಂದು ದಿಕ್ಕಿನಲ್ಲಿ ಮಾತ್ರ ಸಿಗುತ್ತದೆ: ತಾನು ಇಂಥ ಕ್ರಾಲರ್ ಎಂದು ಹೇಳಿಕೊಂಡು ಬಂದದ್ದು ನಿಜವಾಗಿಯೂ ಅದೇ ಹೌದೋ ಅಲ್ಲವೋ ಎಂಬುದನ್ನು ಪರೀಕ್ಷಿಸಿ ಹೇಳಬಹುದು. ಬಂದವರು ಮನುಷ್ಯರೇ ಎಂದು ಸಾಬೀತುಪಡಿಸುವ ವಿಧಾನ ಸರ್ವರ್‌ನ ಕಡೆಯಿಂದ ಯಾವುದೂ ಇಲ್ಲ. ಹೀಗಾಗಿ ಭೇಟಿಗಳನ್ನು ಎರಡು ರಾಶಿ ಮಾಡಲು ಹೊರಟರೆ ತಪ್ಪುಗಳು ನಿಶ್ಚಿತ. ಗುರುತು ದೃಢಪಟ್ಟ ಬಾಟ್‌ಗಳು, ನಡವಳಿಕೆಯಿಂದ ಯಂತ್ರವೆಂದು ನಿಸ್ಸಂಶಯವಾಗಿ ತೋರುವವು, ಉಳಿದವು ಎಂದು ಮೂರು ರಾಶಿ ಮಾಡಿ, ಮೂರನೆಯದನ್ನು ಬಲವಂತವಾಗಿ ಇತ್ತ ಅಥವಾ ಅತ್ತ ತಳ್ಳದಿರುವುದು ಈ ಕೆಲಸದಲ್ಲಿ ಮುಖ್ಯವಾದ ಶಿಸ್ತು ಎಂದು ನಾನು ತಿಳಿಯುತ್ತೇನೆ.

ಮೊದಲ ರಾಶಿಗೆ ಆಧಾರ ಯೂಸರ್ ಏಜೆಂಟ್ ಎಂಬ ಸಾಲು. ಪ್ರತಿ ಕೋರಿಕೆಯ ಜೊತೆಗೂ ಬರುವ ಈ ಸಾಲು ಅತಿಥಿಗೃಹದ ಪುಸ್ತಕದಲ್ಲಿ ಬಂದವರೇ ಬರೆದುಕೊಳ್ಳುವ ಹೆಸರಿನಂತೆ. ಏನು ಬೇಕಾದರೂ ಬರೆಯಬಹುದು. ಗೂಗಲ್‌ಬಾಟ್, ಬಿಂಗ್‌ಬಾಟ್, ಆ್ಯಪಲ್‌ಬಾಟ್, ಓಪನ್‌ಎಐನ ಜಿಪಿಟಿಬಾಟ್, ಆಂಥ್ರೋಪಿಕ್‌ನ ಕ್ಲಾಡ್‌ಬಾಟ್, ಕಾಮನ್ ಕ್ರಾಲ್‌ನ ಸಿಸಿಬಾಟ್ ಇವೆಲ್ಲ ತಮ್ಮ ಹೆಸರನ್ನು ಅಲ್ಲಿ ಬಿಚ್ಚಿ ಹೇಳುತ್ತವೆ. ಕರ್ಲ್, ಪೈಥಾನ್-ರಿಕ್ವೆಸ್ಟ್ಸ್, ಗೋ-ಎಚ್‌ಟಿಟಿಪಿ-ಕ್ಲೈಂಟ್ ಎಂಬ ಹೆಸರುಗಳು ಕಂಡರೆ ಅವು ಪ್ರೋಗ್ರಾಮರ್ ಬದಲಿಸುವ ಗೋಜಿಗೆ ಹೋಗದೆ ಬಿಟ್ಟ ಪೂರ್ವನಿಗದಿತ ಹೆಸರುಗಳು. ಅವುಗಳನ್ನು ಯಂತ್ರವೆಂದೇ ಹಿಡಿಯಬಹುದು, ಏಕೆಂದರೆ ಮನುಷ್ಯರು ಓದುವ ಬ್ರೌಸರ್ ಯಾವುದೂ ಹಾಗೆ ಹೇಳಿಕೊಳ್ಳುವುದಿಲ್ಲ. ತೊಡಕಿರುವುದು ಕ್ರೋಮ್ ಎಂದು ಹೇಳಿಕೊಂಡು ಬರುವ ಬಾಟ್‌ಗಳಲ್ಲಿ.

ಇದರ ವಿರುದ್ಧ ದಿಕ್ಕಿನ ತಪ್ಪೂ ಅಷ್ಟೇ ಸಾಮಾನ್ಯ. ಲಾಗ್‌ನಲ್ಲಿ "ಆಂಡ್ರಾಯ್ಡ್ 10, ಕೆ" ಎಂಬ ಒಂದೇ ಸಾಲು ಸಾವಿರಾರು ಕಡೆ ಅಕ್ಷರ ಬದಲಾಗದೆ ಕಂಡಾಗ ಇದು ಯಾವುದೋ ಒಂದೇ ಬಾಟ್ ಎಂದು ಅನಿಸುವುದು ಸಹಜ. ಅದು ಹಾಗಲ್ಲ. ಬಳಕೆದಾರರ ಗುರುತು ಹಿಡಿಯುವುದು ಕಷ್ಟವಾಗಲೆಂದು ಕ್ರೋಮ್ ಯೂಸರ್ ಏಜೆಂಟ್ ಸಾಲನ್ನು ಹಂತಹಂತವಾಗಿ ಮೊಟಕುಗೊಳಿಸಿತು. 2023ರ ಹೊತ್ತಿಗೆ ಆಂಡ್ರಾಯ್ಡ್ ಫೋನ್‌ಗಳಲ್ಲಿ, ಅವು ಯಾವ ಕಂಪನಿಯವಾದರೂ ಯಾವ ಆವೃತ್ತಿಯವಾದರೂ, ಕ್ರೋಮ್ ಇದೇ ಮಾತನ್ನು ಹೇಳತೊಡಗಿತು. ಆವೃತ್ತಿ ಸಂಖ್ಯೆಯ ಕೊನೆಯ ಭಾಗಗಳೂ ಸೊನ್ನೆಗಳಾದವು. ಈ ಸಾಲನ್ನು ತಡೆಯುವವರು ತಮ್ಮ ಮೊಬೈಲ್ ಓದುಗರಲ್ಲಿ ದೊಡ್ಡ ಪಾಲನ್ನೇ ಹೊರಗೆ ಹಾಕುತ್ತಾರೆ. ಅನುಮಾನಕ್ಕೆ ನಿಜವಾದ ಕಾರಣ ಕೊಡುವುದು ಹಳೆಯ ಆವೃತ್ತಿಗಳು. ಕ್ರೋಮ್ ತಾನಾಗಿ ಹೊಸದಾಗುತ್ತಾ ಹೋಗುವ ಬ್ರೌಸರ್ ಆದ್ದರಿಂದ, ಹಲವು ವರ್ಷ ಹಳೆಯದಾದ ಒಂದೇ ಆವೃತ್ತಿ ಒಂದೇ ದಿನ ಗುಂಪುಗುಂಪಾಗಿ ಬಂದರೆ ಯಾರೋ ಎಂದೋ ಬರೆದ ಪ್ರೋಗ್ರಾಮ್‌ನಲ್ಲಿ ಆ ಸಾಲು ಹಾಗೆಯೇ ಉಳಿದುಕೊಂಡಿದೆ ಎಂದು ಊಹಿಸಬಹುದು.

ಹೆಸರು ಹೇಳಿದ ಕ್ರಾಲರ್‌ನ ಮಾತನ್ನು ಪರೀಕ್ಷಿಸುವ ಕ್ರಮ ಹೀಗಿದೆ. ಗೂಗಲ್‌ಬಾಟ್ ಎಂದು ಹೇಳಿಕೊಂಡ ಕೋರಿಕೆ 66.249.66.1 ಎಂಬ ಐಪಿ ವಿಳಾಸದಿಂದ ಬಂದಿದೆ ಎಂದುಕೊಳ್ಳಿ. ಕಮಾಂಡ್ ಲೈನ್‌ನಲ್ಲಿ ಹೋಸ್ಟ್ ಎಂಬ ಆಜ್ಞೆಗೆ ಈ ವಿಳಾಸವನ್ನು ಕೊಟ್ಟರೆ ಕ್ರಾಲ್-66-249-66-1.ಗೂಗಲ್‌ಬಾಟ್.ಕಾಮ್ ಎಂಬ ಹೆಸರು ಬರುತ್ತದೆ. ಇಷ್ಟಕ್ಕೇ ನಿಲ್ಲಿಸಬಾರದು. ಬಂದ ಹೆಸರನ್ನು ಮತ್ತೆ ಅದೇ ಆಜ್ಞೆಗೆ ಕೊಟ್ಟು, ಅದು ಮೊದಲಿನ ಐಪಿ ವಿಳಾಸಕ್ಕೇ ಮರಳುತ್ತದೆಯೇ ಎಂದು ನೋಡಬೇಕು. ಎರಡನೆಯ ಹೆಜ್ಜೆ ಏಕೆಂದರೆ, ವಿಳಾಸದಿಂದ ಹೆಸರಿಗೆ ಹೋಗುವ ದಾಖಲೆ ಆ ವಿಳಾಸದ ಒಡೆಯರ ಕೈಯಲ್ಲಿರುತ್ತದೆ, ಅವರು ಅಲ್ಲಿ ಗೂಗಲ್‌ಬಾಟ್ ಎಂದು ಬರೆದುಕೊಳ್ಳುವುದನ್ನು ಯಾರೂ ತಡೆಯಲಾರರು. ಹೆಸರಿನಿಂದ ವಿಳಾಸಕ್ಕೆ ಹೋಗುವ ದಾಖಲೆ ಮಾತ್ರ ಗೂಗಲ್‌ಬಾಟ್.ಕಾಮ್ ಎಂಬ ಡೊಮೇನ್‌ನ ಒಡೆಯರ ಕೈಯಲ್ಲಿದೆ. ಎರಡೂ ಹೊಂದಿದರೆ ಮೋಸಕ್ಕೆ ಎಡೆಯಿಲ್ಲ. ಹೆಸರು ಆ ಡೊಮೇನ್‌ನಿಂದಲೇ ಕೊನೆಗೊಳ್ಳಬೇಕು, ನಡುವೆ ಎಲ್ಲೋ ಗೂಗಲ್‌ಬಾಟ್ ಎಂಬ ಪದ ಇದ್ದರೆ ಸಾಲದು ಎಂಬುದನ್ನೂ ಗಮನಿಸಿ. ಬಿಂಗ್‌ಬಾಟ್ ಆದರೆ ಹೆಸರು ಸರ್ಚ್.ಎಂಎಸ್ಎನ್.ಕಾಮ್ ಎಂದು, ಆ್ಯಪಲ್‌ಬಾಟ್ ಆದರೆ ಆ್ಯಪಲ್‌ಬಾಟ್.ಆ್ಯಪಲ್.ಕಾಮ್ ಎಂದು ಮುಗಿಯಬೇಕು. ಗೂಗಲ್, ಮೈಕ್ರೋಸಾಫ್ಟ್, ಓಪನ್‌ಎಐ ತಮ್ಮ ಕ್ರಾಲರ್‌ಗಳ ಐಪಿ ವಿಳಾಸಗಳ ಪಟ್ಟಿಯನ್ನು ಜೇಸನ್ ಕಡತವಾಗಿಯೂ ಪ್ರಕಟಿಸುತ್ತವೆ. ಸಾವಿರಾರು ಸಾಲುಗಳನ್ನು ಒಮ್ಮೆಲೇ ಪರೀಕ್ಷಿಸುವುದಿದ್ದರೆ ಅದೇ ಅನುಕೂಲ. ಪರೀಕ್ಷೆಯಲ್ಲಿ ಸೋತವುಗಳನ್ನು ನಿಸ್ಸಂಕೋಚವಾಗಿ ತಡೆಯಬಹುದು. ಇನ್ನೊಬ್ಬರ ಹೆಸರು ಹೇಳಿಕೊಂಡು ಬರುವವರಿಗೆ ಒಳ್ಳೆಯ ಉದ್ದೇಶ ಇರುವುದು ಅಪರೂಪ.

ಹೆಸರನ್ನೇ ಹೇಳದವುಗಳನ್ನು ನಡವಳಿಕೆಯಿಂದ ತಿಳಿಯಬೇಕು. ಇಲ್ಲಿ ಒಂದೊಂದು ಸಾಲನ್ನು ದಿಟ್ಟಿಸಿ ನೋಡುವುದರಿಂದ ಪ್ರಯೋಜನವಿಲ್ಲ. ಒಬ್ಬರೇ ಕಳಿಸಿದಂತೆ ತೋರುವ ಸಾಲುಗಳನ್ನು ಒಟ್ಟುಮಾಡಿ, ಹೊತ್ತಿನ ಕ್ರಮದಲ್ಲಿ ಓದಬೇಕು. ಓದುಗರೊಬ್ಬರ ಭೇಟಿ ಲಾಗ್‌ನಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: 10 ಗಂಟೆ 14 ನಿಮಿಷ 2 ಸೆಕೆಂಡಿಗೆ ಲೇಖನದ ಪುಟ, ಯಾವ ಪುಟದಿಂದ ಬಂದರೆಂದು ತಿಳಿಸುವ ರೆಫರರ್ ಜಾಗದಲ್ಲಿ ಹುಡುಕು ತಾಣದ ವಿಳಾಸ, ಅದೇ ಸೆಕೆಂಡಿನಲ್ಲಿ ಅಥವಾ ಮರುಸೆಕೆಂಡಿನಲ್ಲಿ ಸ್ಟೈಲ್‌ಶೀಟ್, ಎರಡು ಫಾಂಟ್, ಮೇಲ್ಭಾಗದ ಚಿತ್ರ, ಫ್ಯಾವಿಕಾನ್, ಆಮೇಲೆ ಒಂದೂವರೆ ನಿಮಿಷ ಏನೂ ಇಲ್ಲ, ಬಳಿಕ ಪುಟದ ಕೆಳಭಾಗದಲ್ಲಿರುವ ಚಿತ್ರ, ಏಕೆಂದರೆ ಅವರು ಅಲ್ಲಿಯವರೆಗೆ ಸರಿಸಿಕೊಂಡು ಬಂದಾಗಷ್ಟೇ ಬ್ರೌಸರ್ ಅದನ್ನು ಕೇಳಿತು, ನಂತರ ಇನ್ನೊಂದು ಲೇಖನ, ಈ ಸಲ ರೆಫರರ್ ಜಾಗದಲ್ಲಿ ನಿಮ್ಮದೇ ಮೊದಲ ಪುಟ. ಸರಳ ಬಾಟ್‌ನ ಭೇಟಿ ಇನ್ನೊಂದು ಬಗೆ: ಹಳೆಯ ಲೇಖನಗಳ ಪಟ್ಟಿಯ 211ನೆಯ ಪುಟ, ಐದು ಸೆಕೆಂಡಿನ ಬಳಿಕ 212ನೆಯದು, ಮತ್ತೆ ಐದು ಸೆಕೆಂಡಿಗೆ 213ನೆಯದು, ರೆಫರರ್ ಖಾಲಿ, ಚಿತ್ರವಿಲ್ಲ, ಫಾಂಟ್ ಇಲ್ಲ. ಮನುಷ್ಯರು ಯಾರೂ ಇಷ್ಟು ಶ್ರದ್ಧೆಯಿಂದ ಹಳೆಯ ಪಟ್ಟಿ ಓದುವುದಿಲ್ಲವೆಂದು ಹೇಳಲು ಬೇಸರವಾಗುತ್ತದೆ, ಆದರೂ ಅದು ನಿಜ.

ಈ ಲಕ್ಷಣಗಳನ್ನು ಬಿಡಿಬಿಡಿಯಾಗಿ ನಂಬಬಾರದು. ನಿನ್ನೆ ಬಂದ ಓದುಗರು ಇಂದು ಮರಳಿದರೆ ಅವರ ಬ್ರೌಸರ್ ಸ್ಟೈಲ್‌ಶೀಟ್ ಹಾಗೂ ಫಾಂಟ್‌ಗಳನ್ನು ತನ್ನ ಕ್ಯಾಶ್‌ನಿಂದಲೇ ತೆಗೆದುಕೊಳ್ಳುತ್ತದೆ, ಲಾಗ್‌ನಲ್ಲಿ ಪುಟದ ಒಂದು ಸಾಲು ಮಾತ್ರ ಉಳಿಯುತ್ತದೆ. ಚಿತ್ರಗಳು ಸಿಡಿಎನ್ (ಕಡತಗಳ ಪ್ರತಿಗಳನ್ನು ಹಲವೆಡೆ ಇಟ್ಟು ಹಂಚುವ ಸೇವೆ) ಮೂಲಕ ಹೋಗುತ್ತಿದ್ದರೆ ಅವುಗಳ ಕೋರಿಕೆಗಳು ಬಹುತೇಕ ನಿಮ್ಮ ಸರ್ವರ್‌ವರೆಗೆ ಬರುವುದೇ ಇಲ್ಲ. ವಾಟ್ಸ್ಆ್ಯಪ್‌ನಂಥ ಆ್ಯಪ್‌ಗಳಿಂದ ಕೊಂಡಿ ಒತ್ತಿ ಬಂದವರ ರೆಫರರ್ ಬಹುತೇಕ ಖಾಲಿಯಿರುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಪರದೆಯಿಲ್ಲದೆ ಓಡುವ ಹೆಡ್‌ಲೆಸ್ ಕ್ರೋಮ್ ಬಳಸುವ ಬಾಟ್ ಚಿತ್ರ, ಫಾಂಟ್, ಜಾವಾಸ್ಕ್ರಿಪ್ಟ್ ಎಲ್ಲವನ್ನೂ ತರಿಸಿಕೊಂಡು ಅನಾಲಿಟಿಕ್ಸ್‌ನ ತುಣುಕನ್ನೂ ಓಡಿಸಿ, ಅಲ್ಲಿಯೂ ಒಬ್ಬ ಓದುಗನಾಗಿ ದಾಖಲಾಗಬಲ್ಲದು. ಗೂಗಲ್‌ಬಾಟ್ ಕೂಡ 2019ರಿಂದ ಕ್ರೋಮಿಯಂನ ಇತ್ತೀಚಿನ ಆವೃತ್ತಿಯಿಂದಲೇ ಪುಟಗಳನ್ನು ಚಿತ್ರಿಸಿಕೊಳ್ಳುತ್ತಿದೆ. ಜಾವಾಸ್ಕ್ರಿಪ್ಟ್ ಓಡಿತು ಎಂಬುದು ಇಂದು ಮನುಷ್ಯರೆಂಬುದಕ್ಕೆ ಸಾಕ್ಷಿಯಾಗಿ ಉಳಿದಿಲ್ಲ.

ಸಂಶಯಕ್ಕೆ ಎಡೆಯಿಲ್ಲದ ಒಂದು ವರ್ಗ ಇದೆ. ನಿಮ್ಮದು ವರ್ಡ್‌ಪ್ರೆಸ್ ತಾಣವಲ್ಲದಿದ್ದರೂ ಡಬ್ಲ್ಯುಪಿ-ಲಾಗಿನ್.ಪಿಎಚ್‌ಪಿ ಎಂಬ ಪುಟವನ್ನು ಕೇಳುವವರು, ಚುಕ್ಕೆಯಿಂದ ಆರಂಭವಾಗುವ ಇಎನ್‌ವಿ ಎಂಬ ಗುಪ್ತ ಕಡತವನ್ನು ಹುಡುಕುವವರು, ನೂರಾರು ಇಲ್ಲದ ವಿಳಾಸಗಳನ್ನು ಸಾಲಾಗಿ ಕೇಳಿ 404 (ಪುಟ ಇಲ್ಲ) ಎಂಬ ಉತ್ತರ ಪಡೆಯುವವರು. ಇವು ಭದ್ರತೆಯ ಬಿರುಕು ಹುಡುಕುವ ಸ್ಕ್ಯಾನರ್‌ಗಳು. ಎಣಿಕೆಯಿಂದ ತೆಗೆದುಹಾಕಿ ಮುಂದೆ ಹೋಗಿ.

ಯಾರ ಗುರುತನ್ನೂ ಹಿಡಿಯದೆ ಯಂತ್ರಗಳ ಒಟ್ಟು ಪ್ರಮಾಣವನ್ನು ಅಂದಾಜು ಮಾಡಲು ಒಂದು ದಾರಿಯಿದೆ, ಅದನ್ನು ಬಳಸುವವರು ಕಡಿಮೆ. ಪುಟಗಳ ಕೋರಿಕೆಗಳನ್ನು ಗಂಟೆವಾರು ಎಣಿಸಿ, ಹಲವು ದಿನಗಳ ಸರಾಸರಿಯನ್ನು ರೇಖೆಯಾಗಿ ಎಳೆಯಿರಿ. ನಿಮ್ಮ ಓದುಗರಲ್ಲಿ ಹೆಚ್ಚಿನವರು ಒಂದೇ ಕಾಲವಲಯದವರಾದರೆ ಅವರು ಮಲಗುವ ಹೊತ್ತಿನಲ್ಲಿ ರೇಖೆ ಕುಸಿಯಲೇಬೇಕು. ಎಷ್ಟು ಕುಸಿದರೂ ಅದಕ್ಕಿಂತ ಕೆಳಗೆ ಹೋಗದ ಒಂದು ಮಟ್ಟ ಉಳಿಯುತ್ತದೆ. ಹಗಲು ರಾತ್ರಿ ಒಂದೇ ಸಮನೆ ಓಡುವ ಬಾಟ್‌ಗಳ ಪಾಲು ಸುಮಾರಾಗಿ ಅದು. ರಾತ್ರಿ ಮೂರು ಗಂಟೆಗೂ ಮಧ್ಯಾಹ್ನದ ಮುಕ್ಕಾಲು ಪಾಲು ಕೋರಿಕೆಗಳು ಬರುತ್ತಿದ್ದರೆ ನಿಮ್ಮ ಲಾಗ್‌ನ ಬಹುಪಾಲು ಯಂತ್ರಗಳದ್ದೆಂದೇ ತಿಳಿಯಬೇಕು. ಓದುಗರು ಜಗತ್ತಿನ ಎಲ್ಲ ಕಡೆ ಹರಡಿಕೊಂಡಿರುವ ತಾಣಗಳಿಗೆ ಈ ಅಂದಾಜು ಹೊಂದುವುದಿಲ್ಲ.

ಐಪಿ ವಿಳಾಸಗಳ ಬಗ್ಗೆ ಎಚ್ಚರದ ಮಾತೊಂದನ್ನು ಹೇಳಬೇಕು. ವಿಳಾಸ ಕ್ಲೌಡ್ ಕಂಪನಿಯೊಂದರ ಡೇಟಾ ಸೆಂಟರ್‌ಗೆ ಸೇರಿದ್ದರೆ ಅದು ಯಂತ್ರವಾಗಿರುವ ಸಂಭವ ಹೆಚ್ಚು, ಆದರೆ ವಿಪಿಎನ್ ಬಳಸುವ ಓದುಗರೂ ಅಲ್ಲಿಂದಲೇ ಬರುತ್ತಾರೆ. ಒಂದೇ ವಿಳಾಸದಿಂದ ಕೋರಿಕೆಗಳ ಮಳೆ ಸುರಿದರೂ ಅದು ಒಂದೇ ಬಾಟ್ ಎನ್ನಲಾಗದು, ಏಕೆಂದರೆ ಐಪಿವಿ4 ವಿಳಾಸಗಳ ಕೊರತೆಯಿಂದಾಗಿ ಮೊಬೈಲ್ ಕಂಪನಿಗಳು ಬಹಳಷ್ಟು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಈ ವ್ಯವಸ್ಥೆಗೆಂದೇ 100.64.0.0 ರಿಂದ ಆರಂಭವಾಗುವ ಒಂದು ವಿಳಾಸ ವ್ಯಾಪ್ತಿಯನ್ನು 2012ರಲ್ಲಿ ಮೀಸಲಿಡಲಾಯಿತು. ಇದಕ್ಕೆ ಪ್ರತಿಯಾಗಿ, ಮನೆಗಳ ಇಂಟರ್ನೆಟ್ ಸಂಪರ್ಕಗಳನ್ನು ಬಾಡಿಗೆಗೆ ಪಡೆದು ಓಡುವ ಬಾಟ್‌ಗಳು ಪ್ರತಿ ಕೋರಿಕೆಗೂ ಹೊಸ ವಿಳಾಸ ಬಳಸುವುದರಿಂದ, ವಿಳಾಸಕ್ಕೆ ಇಷ್ಟೇ ಎಂಬ ಮಿತಿಗೆ ಸಿಕ್ಕಿಬೀಳುವುದಿಲ್ಲ. ಕೇವಲ ಐಪಿ ಎಣಿಕೆಯನ್ನು ನಂಬಿದರೆ ಅಮಾಯಕರು ಸಿಕ್ಕಿ ಚಾಲಾಕಿಗಳು ತಪ್ಪಿಸಿಕೊಳ್ಳುತ್ತಾರೆ.

ಬಾಟ್ ಬ್ರೌಸರ್‌ನ ವೇಷ ಹಾಕಿದಾಗ ಸಾಮಾನ್ಯವಾಗಿ ಮರೆಯುವುದು ಕೋರಿಕೆಯ ಜೊತೆ ಹೋಗುವ ಉಳಿದ ಮಾಹಿತಿ ಸಾಲುಗಳನ್ನು, ಅಂದರೆ ಹೆಡರ್‌ಗಳನ್ನು. ನಿಜವಾದ ಕ್ರೋಮ್ ತನ್ನ ಭಾಷೆಯ ಆಯ್ಕೆಯನ್ನು ಆ್ಯಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರ್‌ನಲ್ಲಿ ತಿಳಿಸುತ್ತದೆ. ಕೋರಿಕೆ ಹೇಗೆ ಹುಟ್ಟಿತು ಎಂಬುದನ್ನು ಸೆಕ್-ಫೆಚ್ ಎಂದು ಆರಂಭವಾಗುವ ಹೆಡರ್‌ಗಳಲ್ಲಿ 2019ರಿಂದ ಹೇಳುತ್ತಿದೆ. ಹೊಸ ಕ್ರೋಮ್ ಎಂದು ಹೇಳಿಕೊಂಡು ಬಂದು ಇವೆರಡನ್ನೂ ಕಳಿಸದ ಕೋರಿಕೆ ಬಹುತೇಕ ನಕಲಿ. ಅಪಾಚೆ, ಎನ್‌ಜಿನ್‌ಎಕ್ಸ್‌ಗಳ ಪೂರ್ವನಿಗದಿತ ಲಾಗ್‌ನಲ್ಲಿ ಈ ಹೆಡರ್‌ಗಳು ಬರುವುದಿಲ್ಲ, ಲಾಗ್‌ನ ನಮೂನೆಯಲ್ಲಿ ಒಂದು ಸಾಲು ಬದಲಿಸಿ ಸೇರಿಸಿಕೊಳ್ಳಬೇಕು. ನೀವು ಮಾಡಬಹುದಾದ ಕೆಲಸಗಳಲ್ಲಿ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಡುವುದು ಇದೇ. ಇನ್ನೂ ಆಳಕ್ಕೆ ಇಳಿದರೆ, ಗೂಢಲಿಪಿ ಸಂಪರ್ಕ ಆರಂಭವಾಗುವಾಗ ಪ್ರತಿ ತಂತ್ರಾಂಶ ಮುಂದಿಡುವ ಆಯ್ಕೆಗಳ ಪಟ್ಟಿಯಿಂದ ಅದರ ಗುರುತು ಹಿಡಿಯುವ ಜೆಎ3 ಎಂಬ ವಿಧಾನ 2017ರಲ್ಲಿ ಬಂತು. ಕ್ರೋಮ್ 2023ರಲ್ಲಿ ಆ ಪಟ್ಟಿಯ ಕ್ರಮವನ್ನು ಪ್ರತಿ ಸಲವೂ ಕಲಸತೊಡಗಿದಾಗ ಅದರ ಬಲ ಕುಗ್ಗಿತು, ಅದೇ ವರ್ಷ ಜೆಎ4 ಬಂತು. ಇವೆಲ್ಲ ಸಿಡಿಎನ್ ಕಂಪನಿಗಳು ಮಾಡುವ ಕೆಲಸ, ಸಣ್ಣ ತಾಣದವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮನುಷ್ಯರೂ ಅಲ್ಲದ, ಬರಿಯ ಬಾಟ್ ಎಂದೂ ಹೇಳಲಾಗದ ಭೇಟಿಗಳನ್ನು ಎಲ್ಲಿ ಸೇರಿಸುವುದು ಎಂಬುದನ್ನು ನೀವು ಮೊದಲೇ ನಿರ್ಧರಿಸಿಕೊಳ್ಳಬೇಕು. ಯಾರೋ ನಿಮ್ಮ ಲೇಖನದ ಕೊಂಡಿಯನ್ನು ಗೆಳೆಯರಿಗೆ ಕಳಿಸಿದಾಗ ಅದರ ಚಿತ್ರ, ಶೀರ್ಷಿಕೆ ತೋರಿಸಲೆಂದು ಫೇಸ್‌ಬುಕ್, ಟೆಲಿಗ್ರಾಂ, ಸ್ಲ್ಯಾಕ್‌ಗಳ ಯಂತ್ರಗಳು ಪುಟವನ್ನು ತರಿಸಿಕೊಳ್ಳುತ್ತವೆ. ಚಾಟ್‌ಜಿಪಿಟಿ-ಯೂಸರ್ ಎಂಬ ಹೆಸರಿನಲ್ಲಿ ಬರುವುದು ಒಬ್ಬ ವ್ಯಕ್ತಿ ಆ ಕ್ಷಣದಲ್ಲಿ ಕೇಳಿದ ಪ್ರಶ್ನೆಗಾಗಿ. ಇಮೇಲ್‌ನಲ್ಲಿ ಕಳಿಸಿದ ಕೊಂಡಿಯನ್ನು ಓದುಗರಿಗಿಂತ ಮೊದಲೇ ಅಲ್ಲಿನ ಭದ್ರತಾ ವ್ಯವಸ್ಥೆ ತೆರೆದು ನೋಡುವುದುಂಟು. ಸುದ್ದಿಪತ್ರ ಕಳಿಸಿದ ಮರುನಿಮಿಷವೇ ಕ್ಲಿಕ್‌ಗಳು ಮುಗಿಬಿದ್ದರೆ ಸಂತೋಷಪಡುವ ಮೊದಲು ಇದನ್ನು ನೆನೆಯಿರಿ. ಫೀಡ್‌ಲಿಯಂಥ ಫೀಡ್ ಓದುಗ ಸೇವೆಗಳು ನಿಮ್ಮ ಫೀಡ್ ಅನ್ನು ಒಮ್ಮೆ ತರಿಸಿಕೊಂಡು ತಮ್ಮ ಚಂದಾದಾರರಿಗೆಲ್ಲ ತೋರಿಸುತ್ತವೆ, ಚಂದಾದಾರರ ಸಂಖ್ಯೆಯನ್ನು ಯೂಸರ್ ಏಜೆಂಟ್ ಸಾಲಿನಲ್ಲೇ ಬರೆದಿರುತ್ತವೆ. ಅದನ್ನು ಬಾಟ್ ಎಂದು ತಡೆದರೆ ಅಷ್ಟೂ ಜನರನ್ನು ಒಂದೇ ಏಟಿಗೆ ಕಳೆದುಕೊಂಡಂತೆ.

ತಡೆಯುವ ಪ್ರಶ್ನೆಗೆ ಬರುತ್ತೇನೆ. ಎಲ್ಲವನ್ನೂ ತಡೆಯುವುದು ಬೇಡ. ಹುಡುಕು ತಾಣಗಳ ಕ್ರಾಲರ್‌ಗಳು ಬಾರದಿದ್ದರೆ ಹೊಸ ಓದುಗರು ನಿಮ್ಮನ್ನು ಕಂಡುಕೊಳ್ಳುವ ದೊಡ್ಡ ದಾರಿಯೊಂದು ಮುಚ್ಚಿಹೋಗುತ್ತದೆ. ಮಾತು ಕೇಳುವವುಗಳಿಗೆ, ಯಾವ ಬಾಟ್ ಯಾವ ಪುಟಕ್ಕೆ ಬರಬಾರದೆಂದು ತಿಳಿಸುವ ರೋಬಾಟ್ಸ್.ಟಿಎಕ್ಸ್‌ಟಿ ಕಡತ ಸಾಕು. ಮಾರ್ಟೈನ್ ಕೋಸ್ಟರ್ 1994ರಲ್ಲಿ ಮುಂದಿಟ್ಟ ಈ ಪದ್ಧತಿ 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಧಿಕೃತ ಮಾನಕವಾಯಿತು, ಆದರೂ ಅದನ್ನು ಪಾಲಿಸುವುದು ಇಂದಿಗೂ ಕ್ರಾಲರ್‌ನ ಇಚ್ಛೆಗೆ ಬಿಟ್ಟದ್ದೇ. ಪುಟಗಳನ್ನು ಎಐ ತರಬೇತಿಗೆ ಬಳಸಬೇಡಿ ಎಂದು ಗೂಗಲ್‌ಗೆ ತಿಳಿಸುವ ಗೂಗಲ್-ಎಕ್ಸ್‌ಟೆಂಡೆಡ್ ಎಂಬ ಹೆಸರನ್ನು ಈ ಕಡತದಲ್ಲಿ ಬರೆದು ಲಾಗ್‌ನಲ್ಲಿ ಹುಡುಕುವವರಿದ್ದಾರೆ. ಅದು ಅಲ್ಲಿ ಎಂದೂ ಕಾಣುವುದಿಲ್ಲ, ಏಕೆಂದರೆ ಆ ಹೆಸರಿನ ಪ್ರತ್ಯೇಕ ಕ್ರಾಲರ್ ಇಲ್ಲ. ಮಾನಕದಲ್ಲಿ ಇನ್ನೊಂದು ವಿಚಿತ್ರವಿದೆ. ಈ ಕಡತ ಕೇಳಿದಾಗ ಸರ್ವರ್ 403 (ಪ್ರವೇಶವಿಲ್ಲ) ಎಂಬಂಥ 400ರ ಸರಣಿಯ ಉತ್ತರ ಕೊಟ್ಟರೆ, ನಿರ್ಬಂಧವೇ ಇಲ್ಲವೆಂದು ಭಾವಿಸಲು ಕ್ರಾಲರ್‌ಗೆ ಅನುಮತಿಯಿದೆ. ಫೈರ್‌ವಾಲ್ ಅನ್ನು ಬಿಗಿಗೊಳಿಸುವಾಗ ಈ ಒಂದು ಕಡತವನ್ನು ಎಲ್ಲರಿಗೂ ತೆರೆದಿಡಿ.

ಮಾತು ಕೇಳದವುಗಳನ್ನು ಹಿಡಿಯಲು ಬಲೆಯೊಂದನ್ನು ಇಡಬಹುದು. ರೋಬಾಟ್ಸ್.ಟಿಎಕ್ಸ್‌ಟಿಯಲ್ಲಿ ಒಂದು ಖಾಲಿ ಪುಟವನ್ನು ನಿಷೇಧಿಸಿ, ಕಣ್ಣಿಗೆ ಕಾಣದಂತೆ ಅದಕ್ಕೊಂದು ಕೊಂಡಿ ಇಡಿ. ಸ್ಕ್ರೀನ್ ರೀಡರ್ ಬಳಸುವವರು ಹಾಗೂ ಕೀಲಿಮಣೆಯಿಂದ ಓಡಾಡುವವರು ಅಲ್ಲಿಗೆ ಹೋಗದಂತೆ ಏರಿಯಾ-ಹಿಡನ್ ಮತ್ತು ಟ್ಯಾಬ್‌ಇಂಡೆಕ್ಸ್ ಗುಣಗಳನ್ನು ಹಾಕುವುದನ್ನು ಮಾತ್ರ ಮರೆಯಬೇಡಿ. ಕ್ರಾಲರ್‌ಗಳು ಹಳೆಯ ರೋಬಾಟ್ಸ್.ಟಿಎಕ್ಸ್‌ಟಿ ಪ್ರತಿಯನ್ನು ಸುಮಾರು 24 ಗಂಟೆ ಇಟ್ಟುಕೊಳ್ಳುವುದು ಸಹಜವಾದ್ದರಿಂದ ನಿಷೇಧ ಹಾಕಿ ಎರಡು ದಿನ ಕಳೆದ ಮೇಲೆ ಕೊಂಡಿ ಇಡಿ. ಆಮೇಲೆ ಅಲ್ಲಿಗೆ ಬಂದದ್ದು ನಿಯಮ ಮುರಿಯುವ ಯಂತ್ರ ಎನ್ನಲು ಬಲವಾದ ಆಧಾರವಿರುತ್ತದೆ.

ವೇಗ ಹೆಚ್ಚಾದವುಗಳಿಗೆ 429 (ಕೋರಿಕೆಗಳು ಅತಿಯಾದವು) ಎಂಬ ಉತ್ತರವನ್ನು, ಎಷ್ಟು ಹೊತ್ತು ಬಿಟ್ಟು ಬರಬೇಕೆಂದು ತಿಳಿಸುವ ರಿಟ್ರೈ-ಆಫ್ಟರ್ ಹೆಡರ್ ಜೊತೆ ಕೊಡಿ. ಗೂಗಲ್‌ಬಾಟ್ ಇದಕ್ಕೆ ಮಣಿದು ವೇಗ ತಗ್ಗಿಸುತ್ತದೆ, ಆದರೆ ದಿನಗಟ್ಟಲೆ ಹೀಗೆಯೇ ಉತ್ತರಿಸುತ್ತಿದ್ದರೆ ಪುಟಗಳು ಹುಡುಕು ಸೂಚಿಯಿಂದ ಬಿದ್ದುಹೋಗಬಹುದು. ಕ್ಯಾಪ್ಚಾವನ್ನು ಓದುವ ಪುಟಗಳಿಗೆ ಹಾಕಬೇಡಿ. ಅದು ದೃಷ್ಟಿದೋಷವಿರುವವರನ್ನು ಕಾಡುವಷ್ಟು ಇಂದಿನ ಯಂತ್ರಗಳನ್ನು ಕಾಡುವುದಿಲ್ಲ. ಲಾಗಿನ್, ನೋಂದಣಿ, ತಾಣದೊಳಗಿನ ಹುಡುಕಾಟದಂತೆ ದುರ್ಬಳಕೆಯಿಂದ ನಿಜವಾದ ನಷ್ಟವಾಗುವ ಜಾಗಗಳಿಗೆ ಅದನ್ನು ಮೀಸಲಿಡಿ.

ನಿಮ್ಮ ಹತ್ತು ಪಟ್ಟಿನ ಲೆಕ್ಕವನ್ನು ಬಿಡಿಸಲು ಒಂದು ವಾರದ ಲಾಗ್ ತೆಗೆದುಕೊಳ್ಳಿ. ಮೊದಲು ಚಿತ್ರ, ಫಾಂಟ್, ಸ್ಟೈಲ್‌ಶೀಟ್‌ಗಳ ಸಾಲುಗಳನ್ನು ಪಕ್ಕಕ್ಕಿಡಿ. ಬಳಿಕ ಗುರುತು ದೃಢಪಟ್ಟ ಕ್ರಾಲರ್‌ಗಳನ್ನು, ತಂತ್ರಾಂಶದ ಹೆಸರನ್ನೇ ಹೇಳುವವುಗಳನ್ನು, ಸ್ಕ್ಯಾನರ್‌ಗಳನ್ನು, ಬಲೆಗೆ ಬಿದ್ದವುಗಳನ್ನು ಈ ಕ್ರಮದಲ್ಲೇ ತೆಗೆಯಿರಿ. ಉಳಿದದ್ದು ಅನಾಲಿಟಿಕ್ಸ್‌ನ ಪುಟ ವೀಕ್ಷಣೆಗಳಿಗಿಂತ ಸ್ವಲ್ಪ ಹೆಚ್ಚಿದ್ದರೆ ಅದು ಜಾಹೀರಾತು ತಡೆಯುವ ಓದುಗರಿಂದ ಆದದ್ದಿರಬಹುದು. ಇನ್ನೂ ಎರಡು ಮೂರು ಪಟ್ಟು ಉಳಿದಿದ್ದರೆ ಆ ಹೆಚ್ಚುವರಿ ಕೋರಿಕೆಗಳು ಯಾವ ಪುಟಗಳ ಮೇಲೆ ಬಿದ್ದಿವೆ ಎಂದು ನೋಡಿ: ಓದುಗರು ಜನಪ್ರಿಯ ಲೇಖನಗಳ ಸುತ್ತ ನೆರೆಯುತ್ತಾರೆ, ವೇಷ ಹಾಕಿದ ಬಾಟ್‌ಗಳು ಯಾರೂ ತೆರೆಯದ ಹಳೆಯ ಪುಟಗಳ ಮೇಲೂ ಸಮನಾಗಿ ಹರಡಿಕೊಳ್ಳುತ್ತವೆ. ನೀವು ಬಳಸಿದ ಜರಡಿಯ ನಿಯಮಗಳನ್ನು ದಿನಾಂಕದೊಡನೆ ಬರೆದಿಟ್ಟುಕೊಂಡು, ನಿಯಮ ಬದಲಿಸಿದಾಗಲೆಲ್ಲ ಹಿಂದಿನ ತಿಂಗಳ ಲಾಗ್ ಅನ್ನೂ ಹೊಸ ನಿಯಮದಿಂದ ಮತ್ತೊಮ್ಮೆ ಸೋಸಿ ಹೋಲಿಸಿ. ಇಲ್ಲವಾದರೆ ಓದುಗರು ಕಡಿಮೆಯಾದರೋ, ಜರಡಿಯ ಕಣ್ಣು ಸಣ್ಣದಾಯಿತೋ ಎಂದು ತಿಳಿಯಲಾಗುವುದಿಲ್ಲ.